‘ಆಮೆ’ಗೆ ಸಿಕ್ಕ ಉತ್ತರ

ಅಧ್ಯಕ್ಷ ಪೀಠದಲ್ಲಿರುವ ಹಿರಿಯರೇ, ವೇದಿಕೆಯ ಮೇಲಿನ ಅತಿಥಿಗಳೇ, ಚಹಾ ಯಾವಾಗ ಎಂದು ಬಾಗಿಲ ಕಡೆ ನೋಡುತ್ತಿರುವ ನನ್ನ ಆತ್ಮೀಯ ಸಭಿಕರೇ,

ನಿವೃತ್ತನಾಗುವವನನ್ನು ಹೊಗಳುವುದು ವಾಡಿಕೆ. ಆದರೂ ಅಧ್ಯಕ್ಷರು ನನ್ನನ್ನು ‘ವೇಗದ ಮನುಷ್ಯ’ ಎಂದಾಗ ನನಗೇ ನಗು ಬಂತು. ನಾನು ಮಾಡಿದ್ದಾದರೂ ಏನು? ಯಾರು ಯಾವ ಕಂಪ್ಯೂಟರಿನ ಹೆಸರು ಹೇಳಿದರೂ ಶಾಖೆಗಳನ್ನೆಲ್ಲ ಜೋಡಿಸುವ ನಮ್ಮ ರೂಟರ್ ಅದರ ವಿಳಾಸವನ್ನು ಹೊರಗೆ ವಿಚಾರಿಸಿಕೊಂಡು ಬಂದು ಹೇಳುತ್ತಿತ್ತು. ಹೇಳಿದ ಮರುನಿಮಿಷವೇ ಮರೆಯುತ್ತಿತ್ತು. ಅದರ ನೆನಪಿನ ಜಾಗ ಹಿಗ್ಗಿಸಿದೆ. ಬದಲಾಗದ ಹೆಸರುಗಳನ್ನು ದಿನವಿಡೀ ಇಟ್ಟುಕೊಳ್ಳುವಂತೆ ಮಾಡಿದೆ. ಇಲ್ಲದ ಹೆಸರನ್ನು ಕೇಳಿದರೆ ಹುಡುಕುತ್ತ ಕೂರದೆ ತಕ್ಷಣ ‘ಇಲ್ಲ’ ಎನ್ನುವಂತೆ ಮಾಡಿದೆ. ಎಲ್ಲ ಶಾಖೆಗಳ ಕೆಲಸ ಸರಾಗವಾಯಿತು.

ಎರಡು ವರ್ಷದ ಹಿಂದೆ ಆ ಕೆಲಸಕ್ಕಾಗಿ, ಯಾರು ಯಾವ ಹೆಸರು ಕೇಳುತ್ತಾರೆಂಬ ಪಟ್ಟಿಯನ್ನು ಓದಬೇಕಾಯಿತು. ಅದರಲ್ಲಿ ‘ಆಮೆ’ ಸಿಕ್ಕಿತು.

ನಮ್ಮ ಕೋಣೆಯಲ್ಲಿ ಒಂದು ಪದ್ಧತಿ: ಯಾರೂ ತಮ್ಮ ಕಂಪ್ಯೂಟರಿಗೆ ತಾವೇ ಹೆಸರಿಡುವಂತಿಲ್ಲ, ಪಕ್ಕದ ಮೇಜಿನವರು ಇಡಬೇಕು. ನನ್ನ ಪಕ್ಕದಲ್ಲಿ ಕೇಬಲ್ ವಿಭಾಗದ ಮೇಡಂ ಇದ್ದರು. ಅವರು ನನ್ನದಕ್ಕೆ ಇಟ್ಟ ಹೆಸರು ‘ಆಮೆ’. ಕಂಪ್ಯೂಟರ್ ನಿಧಾನವಾಗಿರಲಿಲ್ಲ, ಸಭಿಕರೇ.

ಆರು ವರ್ಷದ ಹಿಂದೆ ಅವರಿಗೆ ದೂರದ ಶಾಖೆಗೆ ವರ್ಗವಾಯಿತು. ನಮ್ಮಿಬ್ಬರಿಗೂ ಮನೆಯಲ್ಲಿ ದಾರಿ ಕಾಯುವವರು ಯಾರೂ ಇರಲಿಲ್ಲ. ಹೊರಡುವ ದಿನ ನನ್ನ ಮೇಜಿನ ಮುಂದೆ ನಿಂತು ಕೇಳಿದರು: “ನೀವೊಂದು ಮಾತು ಹೇಳಿದ್ರೆ ನಾನು ಇಲ್ಲೇ ಇರ್ತೀನಿ. ಹೇಳ್ತೀರಾ?”

“ಯೋಚನೆ ಮಾಡಿ ಹೇಳ್ತೀನಿ” ಎಂದೆ.

ಆಮೇಲೆ ಆ ಕಂಪ್ಯೂಟರ್ ಗುಜರಿಗೆ ಹೋಯಿತು, ಹೆಸರನ್ನೂ ಅಳಿಸಿದೆವು. ಆದರೆ ಆ ಶಾಖೆಯಿಂದ, ಅವರ ಮೇಜಿನ ಕಂಪ್ಯೂಟರಿನಿಂದಲೇ, ದಿನಾ ಬೆಳಿಗ್ಗೆ ಯಾರೋ ‘ಆಮೆ’ಯನ್ನು ಕೇಳುತ್ತಿದ್ದರು. ಅವರು ಬರೆದಿಟ್ಟು ಮರೆತ ಪ್ರೋಗ್ರಾಂ ಇರಬಹುದೆಂದು ಸಮಾಧಾನ ಮಾಡಿಕೊಂಡೆ. ಆದರೆ ಒಂದು ದಿನ ಒಂಬತ್ತಕ್ಕೆ, ಒಂದು ದಿನ ಒಂಬತ್ತು ಇಪ್ಪತ್ತಕ್ಕೆ; ರಜೆಯ ದಿನ ಇಲ್ಲವೇ ಇಲ್ಲ. ಪ್ರೋಗ್ರಾಂಗೆ ಬಸ್ಸು ತಪ್ಪುತ್ತದೆಯೇ? ಪ್ರೋಗ್ರಾಂಗೆ ಜ್ವರ ಬರುತ್ತದೆಯೇ?

ಎರಡು ವರ್ಷ ದಿನವೂ ನಾನು ಆ ಒಂದು ಸಾಲಿಗಾಗಿ ಕಾದಿದ್ದೇನೆ. ಅದು ಬಾರದ ದಿನ ಊಟ ರುಚಿಸುತ್ತಿರಲಿಲ್ಲ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಏನಂತ ಮಾಡಲಿ? ಇನ್ನೂ ಯೋಚನೆ ಮಾಡ್ತಿದ್ದೀನಿ ಅಂತಲೇ? ಅಷ್ಟರಲ್ಲಿ ನಾನೇ ತಿದ್ದಿದ ರೂಟರ್ ದಿನಾ ಅವರಿಗೆ ‘ಇಲ್ಲ’ ಎನ್ನುತ್ತಿತ್ತು. ಅದೂ ಎಷ್ಟು ಬೇಗ!

ಇಂದು ಬೆಳಿಗ್ಗೆ, ಕೊನೆಯ ದಿನ ಎಂಬ ಧೈರ್ಯದಲ್ಲಿ, ‘ಆಮೆ’ ಎಂಬ ಹೆಸರನ್ನು ನನ್ನ ಈಗಿನ ಕಂಪ್ಯೂಟರಿಗೆ ಇಟ್ಟೆ. ಪದ್ಧತಿ ಮುರಿದದ್ದಕ್ಕೆ ಕ್ಷಮೆ ಇರಲಿ. ಒಂಬತ್ತು ಹತ್ತಕ್ಕೆ ಅವರು ಕೇಳಿದರು. ರೂಟರ್ ಮೊದಲ ಸಲ ‘ಇದೆ’ ಎಂದಿತು.

ಮರುನಿಮಿಷವೇ ಮತ್ತೆ ಕೇಳಿದರು. ಮತ್ತೆ ಕೇಳಿದರು. ನಾನು ಈ ಸಭೆಗೆ ಎದ್ದು ಬರುವಾಗ ಹದಿನೇಳು ಸಲ ಆಗಿತ್ತು.

ಆದ್ದರಿಂದ ಅಧ್ಯಕ್ಷರೇ, ಚಹಾಕ್ಕೆ ನಾನು ನಿಲ್ಲುವುದಿಲ್ಲ. ಆ ಶಾಖೆಗೆ ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಐದೂವರೆಗೆ ಬಾಗಿಲು ಹಾಕುತ್ತಾರೆ. ನೀವು ಕೊಟ್ಟ ಈ ಫಲಕವನ್ನು ಯಾರಾದರೂ ಹಿಡಿದುಕೊಳ್ಳಿ. ಇಷ್ಟು ವರ್ಷ ಸಹಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು, ನಮಸ್ಕಾರ.