ಹತ್ತನೇ ಸುತ್ತು

ನಗೋರು ಈಗಲೇ ನಕ್ಕುಬಿಡಿ. ನಡುವೆ ನಕ್ಕರೆ ನಾನು ಎದ್ದು ಹೋಗ್ತೀನಿ. ಇದು ಯಾರೋ ಹೇಳಿದ್ದನ್ನ ಯಾರೋ ಕೇಳಿದ್ದಲ್ಲ, ನಮ್ಮ ದೊಡ್ಡಪ್ಪನ ಮಗನಿಗೇ ಆಗಿದ್ದು. ಅವನು ಒಂದು ಕಾರ್ಖಾನೇಲಿ ಸ್ಟೋರ್ ನೋಡಿಕೊಳ್ತಿದ್ದ, ಅಲ್ಲಿ ಎಲ್ಲರೂ ಅವನನ್ನ ಬೀಗಣ್ಣ ಅಂತಾರೆ. ಮದುವೆ ಮನೆ ಬೀಗ ಅಲ್ಲ, ಬಾಗಿಲಿಗೆ ಹಾಕೋ ಬೀಗ. ಗೋಡೌನಿಗೆ ಬೀಗ ಹಾಕಿ ಮೂರು ಸಲ ಜಗ್ಗಿ, ಹತ್ತು ಹೆಜ್ಜೆ ಹೋಗಿ, ವಾಪಸ್ ಬಂದು ಇನ್ನೊಂದು ಸಲ ಜಗ್ಗೋ ಆಸಾಮಿ. ಹೆಂಡತಿ ಕಾಫಿಗೆ ಸಕ್ಕರೆ ಹಾಕಿದೀನಿ ಅಂದರೂ ಚಮಚ ಬಿಟ್ಟು ತಳ ಕೆದಕಿ ನೋಡ್ತಾನೆ. ಅಂಥವನೇ ಹೇಳಿದ್ದು ಅಂತ ನಾನು ನಂಬಿದೆ.

ಆವತ್ತು ರಾತ್ರಿ ಹತ್ತೂವರೆ ಇರಬೇಕು. ಎರಡನೇ ಪಾಳಿಯವರೆಲ್ಲ ಹೋಗಿಯಾಗಿತ್ತು. ಬೀಗಣ್ಣ ಬೀಗ ಹಾಕಿ, ಜಗ್ಗಿ, ಹಿಂದಿನ ದಾರಿ ಹಿಡಿದ. ಆ ದಾರೀಲಿ ಒಂದು ಪಾಳು ಬಾವಿ ಇದೆ. ನೀರಿಲ್ಲ, ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಬಾವಿ ಪಕ್ಕ ಬಂದಾಗ ಕೇಳಿಸಿತು... ಸರ್ರ್... ಸರ್ರ್... ಸರ್ರ್...

ನಿಂತ. ಒಂದು ಎಲೆ ಅಲ್ಲಾಡ್ತಿರಲಿಲ್ಲ. ಸದ್ದು ಬಾವಿಯೊಳಗಿಂದ ಬರ್ತಿದೆ ಅನ್ನಿಸಿ ಜಾಲರಿಗೆ ಕಿವಿ ಕೊಟ್ಟ. ಆಮೇಲೆ ಗೊತ್ತಾಯ್ತು, ಬಾವಿಯದಲ್ಲ. ಬೆನ್ನ ಹಿಂದಿನ ಗೋಡೌನಿನದು, ಬಾವಿಗೆ ಬಿದ್ದು ವಾಪಸ್ ಬರ್ತಿದೆ. ಗ್ರೀಸಿನಲ್ಲಿ ಕಬ್ಬಿಣದ ಗುಂಡುಗಳು ಉರುಳೋ ಸದ್ದು. ಅಭ್ಯಾಸಬಲ, ಎಣಿಸಿದ. ಹತ್ತು. ಅದಾದಮೇಲೆ ತಗಡಿಗೆ ಬೆರಳ ಗಿಣ್ಣಿನಲ್ಲಿ ಬಡಿದ ಹಾಗೆ... ಟಕ್, ಟಕ್. ಮತ್ತೆ ಹತ್ತು, ಮತ್ತೆ ಟಕ್, ಟಕ್.

ಓಡಿಬಂದು ನೋಡಿದರೆ ಬೀಗ ಹಾಕಿದ ಹಾಗೇ ಇದೆ. ಬೀಗದಕೈ ಅವನ ಸೊಂಟದಲ್ಲೇ ಇದೆ. ತೆಗೆದು ಒಳಗೆ ಹೋಗಿ ಸ್ವಿಚ್ ಒತ್ತಿದ. ಟ್ಯೂಬ್‌ಲೈಟ್ ಪಿಣ್ ಪಿಣ್ ಅಂತ ಮಿಟುಕಿ ಹತ್ತಿಕೊಂಡಿತು. ಹನ್ನೆರಡು ಫ್ಯಾನ್‌ಗಳು ಎರಡು ಸಾಲಾಗಿ, ಪ್ಲಾಸ್ಟಿಕ್ ಹೊದ್ದುಕೊಂಡು ಕೂತಿದ್ದವು. ಒಬ್ಬ ನರಮನುಷ್ಯ ಇರಲಿಲ್ಲ.

ಫ್ಯಾನ್ ಅಂದರೆ ಮನೆ ಚಾವಣೀಲಿ ತಿರುಗೋದಲ್ಲ. ಹೊಸ ಪೇಂಟ್ ಶೆಡ್ಡಿನಿಂದ ಕೆಟ್ಟ ಗಾಳಿ ಹೊರಗೆ ಎಳೆಯೋ ಎಕ್ಸಾಸ್ಟ್ ಫ್ಯಾನ್‌ಗಳು, ಒಂದೊಂದೂ ಆಳೆತ್ತರ. ಲಾರೀಲಿ ಬಂದಿಳಿದು ಮೂರು ತಿಂಗಳಾಗಿತ್ತು. ಶೆಡ್ಡಿನ ಕಟ್ಟಡ ಮುಗಿದಿರಲಿಲ್ಲ, ಅದಕ್ಕೆ ಇವನ ಗೋಡೌನಿನಲ್ಲಿ ಕಾಯ್ತಾ ಇದ್ದವು. ಕಳಿಸಿದ ಕಂಪನಿಯವರು ಒಂದು ಕಾಗದ ಇಟ್ಟಿದ್ದರು. ಒಣ ಜಾಗದಲ್ಲಿಡಿ, ಬಾಯಿಗೆ ಹೊಡೆದ ಪ್ಲೈವುಡ್ ತೆಗೀಬೇಡಿ, ಬೆಲ್ಟ್ ಸಡಿಲ ಬಿಡಿ. ಎಲ್ಲಕ್ಕಿಂತ ಮುಖ್ಯ, ಹದಿನೈದು ದಿನಕ್ಕೊಮ್ಮೆ ಹೊರಗಿನ ಪುಲ್ಲಿ, ಅಂದರೆ ಬೆಲ್ಟ್ ಓಡೋ ಗಾಲಿ, ಹಿಡಿದು ಕೈಯಿಂದ ಹತ್ತು ಸುತ್ತು ತಿರುಗಿಸಿ, ಮೊದಲಿದ್ದ ಜಾಗಕ್ಕಿಂತ ಕಾಲು ಸುತ್ತು ಮುಂದೆ ನಿಲ್ಲಿಸಿ. ಇಲ್ಲದಿದ್ದರೆ ಒಳಗಿನ ರೆಕ್ಕೆಚಕ್ರದ ಭಾರವೆಲ್ಲ, ಅಚ್ಚನ್ನ ಹಿಡಿದಿರೋ ಗುಂಡುಗಳ ಬೇರಿಂಗಿನ ಒಂದೇ ಕಡೆ ಕೂತು ಅಲ್ಲಿ ಗುಳಿ ಬೀಳುತ್ತೆ. ಆಮೇಲೆ ಯಾವತ್ತೋ ಓಡ್ತಾ ಓಡ್ತಾ ಗಪ್ಪಂತ ನಿಂತುಬಿಡುತ್ತೆ.

ಬೀಗಣ್ಣ ತಿರುಗಿಸಿದಾಗೆಲ್ಲ ಟಿಕ್ ಹಾಕೋಕೆ ಪ್ರತಿ ಫ್ಯಾನಿಗೆ ಒಂದು ಕಾರ್ಡ್ ನೇತುಹಾಕಿದ, ಪ್ರತಿ ಪುಲ್ಲಿಯ ನೆತ್ತಿಗೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದ. ಎರಡು ಸಲ ಭಕ್ತಿಯಿಂದ ತಿರುಗಿಸಿ, ಹಳೇ ಗೀಟು ಒರೆಸಿ ನೆತ್ತಿಯಲ್ಲಿ ಹೊಸದು ಎಳೆದ. ಆಮೇಲೆ ಸೊಂಟ ಹಿಡೀತು. ಓಡದೇ ಇರೋ ಫ್ಯಾನ್ ಹೇಗೆ ಸವೆಯುತ್ತೆ ಅಂತ ಅವನಿಗೆ ಅವನೇ ಕೇಳಿಕೊಂಡ, ಅವನೇ ಉತ್ತರ ಹೇಳಿಕೊಂಡ. ಮಿಕ್ಕ ನಾಲ್ಕು ಸಲ ಕುರ್ಚೀಲಿ ಕೂತೇ ಹನ್ನೆರಡೂ ಕಾರ್ಡಿಗೆ ಟಿಕ್ ಹಾಕಿದ. ಊರಿಗೆಲ್ಲ ಅನುಮಾನ ಪಡೋನು ತನ್ನ ಕೈ ಮೇಲೆ ಒಂದು ದಿನ ಅನುಮಾನ ಪಡಲಿಲ್ಲ ನೋಡಿ.

ಅಂದರೆ ಎರಡು ತಿಂಗಳಿಂದ ಗೀಟುಗಳೆಲ್ಲ ಪುಲ್ಲಿಯ ನೆತ್ತಿಯಲ್ಲೇ ಇರಬೇಕು. ಆ ರಾತ್ರಿ ನೋಡಿದರೆ ಗಡಿಯಾರದಲ್ಲಿ ಮೂರು ಗಂಟೆ ಇರೋ ಕಡೆ ನಿಂತಿದ್ದವು. ಹನ್ನೊಂದರಲ್ಲಿ. ಏಳನೇ ನಂಬರಿನ ಗೀಟು ಮಾತ್ರ ನೆತ್ತಿಯಲ್ಲೇ ಇತ್ತು.

ಅವನಿಗೆ ಮೊದಲು ತೋಚಿದ್ದು ದೆವ್ವ ಅಲ್ಲ, ಯಂತ್ರ ರಿಪೇರಿ ಮಾಡೋ ಫಿಟ್ಟರ್. ಆ ಫಿಟ್ಟರಿಗೆ ಸ್ಟೋರಿನ ಕುರ್ಚಿ ಮೇಲೆ ಮೊದಲಿಂದ ಕಣ್ಣು. ಕಳ್ಳ ಬೀಗದಕೈ ಮಾಡಿಸಿಕೊಂಡು, ರಾತ್ರಿ ಬಂದು ತಿರುಗಿಸಿ, ನಾಳೆ ಮ್ಯಾನೇಜರ್ ಹತ್ತಿರ ಇವನು ಕೆಲಸ ಮಾಡಲ್ಲ ಅಂತ ತೋರಿಸ್ತಾನೆ ಅಂತ ಲೆಕ್ಕ ಹಾಕಿದ. ಮಾರನೇ ದಿನ ಟೀ ಹೊತ್ತಿಗೆ ಫಿಟ್ಟರನ ಅಂಗೈ ಬಗ್ಗಿ ನೋಡಿದನಂತೆ, ಗ್ರೀಸ್ ಇದೆಯಾ ಅಂತ. ಫಿಟ್ಟರ್ ಕೈಲಿ ಗ್ರೀಸ್ ಇಲ್ಲದೆ ಅತ್ತರು ಇರುತ್ತಾ? ದೂರು ಕೊಡೋಣ ಅಂದರೆ ಬಾಯಿಲ್ಲ. ಯಾರೋ ನನ್ನ ಕೆಲಸ ಕದ್ದು ಮಾಡ್ತಿದ್ದಾರೆ ಅಂತ ಯಾವ ಬಾಯಲ್ಲಿ ಹೇಳೋದು? ಬಿಸಿ ತುಪ್ಪ, ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ.

ಆವತ್ತು ಮನೆಯಿಂದ ಎರಡನೇ ಬೀಗ ತಂದು ಜಡಿದ. ಬೆಳಿಗ್ಗೆ ತೆಗೆದರೆ ಗೀಟು ಆರು ಗಂಟೆ ಕಡೆಗೆ ಇಳಿದಿತ್ತು. ಏಳನೇದು ಹಾಗೇ.

ಮೂರನೇ ರಾತ್ರಿ ಹೆಂಡತಿಯ ಹೊಲಿಗೆ ಡಬ್ಬಿಯಿಂದ ಬಿಳಿ ದಾರ ತಂದ. ಪ್ರತಿ ಪುಲ್ಲಿಯಿಂದ ಕೆಳಗಿನ ಚೌಕಟ್ಟಿಗೆ ಗೇಣುದ್ದ ದಾರ ಬಿಗಿದು, ತನ್ನದೇ ಜೋಡಿ ಗಂಟು ಹಾಕಿದ. ಪುಲ್ಲಿ ಒಂದು ಬೆರಳಷ್ಟು ತಿರುಗಿದರೂ ದಾರ ಹರೀಬೇಕು. ಬೆಳಿಗ್ಗೆ ಬಾಗಿಲು ತೆಗೆದಾಗ ಗೀಟು ಒಂಬತ್ತು ಗಂಟೆ ಕಡೆಗಿತ್ತು. ದಾರ ಒಂದೂ ಹರಿದಿರಲಿಲ್ಲ. ಗಂಟು ಅವನದೇ... ಆಗ ಅವನಿಗೆ ಫಿಟ್ಟರ್ ಮೇಲಿದ್ದ ಅನುಮಾನ ಹೋಯ್ತು. ಇದ್ದಿದ್ದರೇ ಚೆನ್ನಾಗಿತ್ತು ಅಂತಾನೆ ಈಗಲೂ.

ಗೇಟಿನಲ್ಲಿ ಒಬ್ಬ ಮುದುಕ ವಾಚ್‌ಮನ್ ಇದ್ದ, ಕೆಮ್ಮು ತಾತ ಅಂತಾರೆ. ಬೀಗಣ್ಣ ಸುತ್ತಿ ಬಳಸಿ ಕೇಳಿದ, ರಾತ್ರಿ ಹೊತ್ತು ಏನಾದರೂ ಸದ್ದು ಕೇಳುತ್ತಾ ಅಂತ. ತಾತ ಆಕಡೆ ಈಕಡೆ ನೋಡಿ ದನಿ ಇಳಿಸಿದ.

"ಹತ್ತು ಸುತ್ತಾದಮೇಲೆ ಎರಡು ಸಲ ಬಡಿಯೋ ಸದ್ದು ಬರುತ್ತೇನಪ್ಪಾ?"

ತಾತ ಹೇಳಿದ್ದಿಷ್ಟು. ಎಂಟು ವರ್ಷದ ಹಿಂದೆ ಇದೇ ಗೋಡೌನಿಗೆ ಬೇರೊಬ್ಬ ಸ್ಟೋರಿನವನಿದ್ದ, ಆಗಲೂ ಹೀಗೇ ಫ್ಯಾನ್‌ಗಳು ಬಂದು ಕೂತಿದ್ದವು. ಫ್ಯಾನ್ ತಿರುಗಿಸಿ ಆದಮೇಲೆ, ಕರುವಿನ ಬೆನ್ನು ತಟ್ಟೋ ಹಾಗೆ, ಅದರ ತಗಡಿಗೆ ಎರಡು ಸಲ ಗಿಣ್ಣಿನಲ್ಲಿ ಬಡಿಯೋದು ಅವನ ರೂಢಿ. ಎಲ್ಲವನ್ನೂ ತಿರುಗಿಸ್ತಿದ್ದ. ಹಿಂದಿನ ಸಾಲಲ್ಲಿ ಮೂಟೆಗಳ ಸಂದಿಗೆ ಸಿಕ್ಕಿದ್ದ ಒಂದನ್ನ ಮಾತ್ರ, ಯಾರು ನುಗ್ತಾರೆ ಅಂತ, ಬರೀ ಟಿಕ್ ಹಾಕಿ ಬಿಟ್ಟಿದ್ದ. ಆ ಫ್ಯಾನೇ ಹಳೇ ಪೇಂಟ್ ಶೆಡ್ಡಿಗೆ ಹೋಯ್ತು. ಒಂದು ಮಧ್ಯಾಹ್ನ ನಿಂತುಹೋಯ್ತು, ಕೆಟ್ಟ ಗಾಳಿ ಒಳಗೇ ತುಂಬಿಕೊಂಡಿತು. ಒಳಗೆ ಮೂವರಿದ್ದರು. ಆ ಸ್ಟೋರಿನವನು ಓಡಿಹೋಗಿ ಇಬ್ಬರನ್ನ ಎಳೆದು ತಂದ. ಮೂರನೆಯವನಿಗೆ ಅಂತ ಮತ್ತೆ ಒಳಗೆ ಹೋದ. ಅವನೂ ಬರಲಿಲ್ಲ, ಮೂರನೆಯವನೂ ಬರಲಿಲ್ಲ.

"ನೀನು ಎಲ್ಲಾನೂ ತಿರುಗಿಸ್ತೀಯ ತಾನೇ?" ಅಂದ ತಾತ.

"ಹ್ಞೂಂ," ಅಂದ ಬೀಗಣ್ಣ. ತಾತ ಅವನ ಮುಖವನ್ನೇ ನೋಡ್ತಾ ಕೂತ, ಕೆಮ್ಮಲೂ ಇಲ್ಲ.

ಈಗ ಏಳನೇದರ ಕತೆ ಹೇಳಬೇಕು. ಲಾರಿಯಿಂದ ಇಳಿಸೋ ದಿನ, ಎತ್ತೋಕೆ ಅಂತಲೇ ಫ್ಯಾನಿನ ಮೈಮೇಲೆ ನಾಲ್ಕು ಕೊಕ್ಕೆ ಇದ್ದರೂ, ಕ್ರೇನಿನವನು ಬೇಗ ಮುಗಿಸೋಣ ಅಂತ ಏಳನೇದರ ಶಾಫ್ಟಿಗೇ ಹಗ್ಗ ಸುತ್ತಿ ಎತ್ತಿದ. ಅಷ್ಟು ಭಾರ ಆ ಒಂದು ಕಬ್ಬಿಣದ ಕಂಬಿ ಮೇಲೆ ಜೋತಾಡಿತು. ನೆಲಕ್ಕಿಡುವಾಗ ಕಟ್ ಅಂತ ಸದ್ದು ಬಂತು. ಬೀಗಣ್ಣ ನೋಡಿದ, ಕೇಳಿಸಿಕೊಂಡ. ಬರೆದರೆ ಲಾರಿ ನಿಲ್ಲುತ್ತೆ, ನೀನು ಎದುರಿಗಿದ್ದು ಏನು ಮಾಡ್ತಿದ್ದೆ ಅಂತ ಮ್ಯಾನೇಜರ್ ಉಗೀತಾರೆ, ಊಟದ ಹೊತ್ತು ಬೇರೆ. ಎಲ್ಲಾ ಸರಿಯಾಗಿ ಬಂದಿದೆ ಅಂತ ಕಾಗದಕ್ಕೆ ಸಹಿ ಹಾಕಿಬಿಟ್ಟ. ಆಮೇಲೆ ಎರಡು ಸಲ ತಿರುಗಿಸಿದಾಗಲೂ ಏಳನೇದು ಮಾತ್ರ ಬಿಗಿಯಾಗಿ ಕರಕರ ಅಂತು, ಕೇಳಿಸದವನ ಹಾಗೆ ಇದ್ದ. ಏಳನೇದು ಯಾವ ರೂಮಿಗೆ ಹೋಗೋದು ಅಂತ ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲು ಮುಚ್ಚಿಕೊಂಡು ಪೇಂಟ್ ಸಿಂಪಡಿಸೋ ರೂಮಿಗೆ. ಅಲ್ಲಿ ಎಂಟು ಗಂಟೆ ನಿಂತು ಕೆಲಸ ಮಾಡೋನು ಅವನ ಒಡಹುಟ್ಟಿದ ತಮ್ಮ.

ತಾತನ ಹತ್ತಿರ ಮಾತಾಡಿದ ದಿನವೇ ಸಂಜೆ ಮ್ಯಾನೇಜರ್ ಹೇಳಿ ಕಳಿಸಿದರು, ಶೆಡ್ ತಯಾರಾಯ್ತು, ನಾಳೆ ಬೆಳಿಗ್ಗೆ ಕ್ರೇನ್ ಬರುತ್ತೆ, ಮೊದಲು ಏಳನೇದು ಅಂತ.

ಬೀಗಣ್ಣನಿಗೆ ಮನೆಗೆ ಹೋಗೋ ಮನಸ್ಸಾಗಲಿಲ್ಲ. ಗೋಡೌನಿನೊಳಗೆ ಒಂದು ಹಲಗೆ ಮೇಲೆ ಕೂತ. ತಾತನನ್ನ ಕರೆದ, ತಾತ ಹೊಸ್ತಿಲು ದಾಟಲಿಲ್ಲ. ಹೊರಗೇ ಬೆನ್ನು ಹಾಕಿ ಕೂತು ಕೆಮ್ತಾ ಇದ್ದ. ಆ ಕೆಮ್ಮು ಕೇಳಿಸ್ತಿರೋವರೆಗೂ ಧೈರ್ಯ ಇತ್ತು ಅಂತಾನೆ ಇವನು.

ಹತ್ತೂವರೆಗೆ ಕೆಮ್ಮು ನಿಂತಿತು.

ಸರ್ರ್... ಒಂದನೇ ಫ್ಯಾನಿನ ಬಿಳಿ ಗೀಟು ಕೆಳಗಿಳಿದು, ಸುತ್ತಿ, ಮೇಲೆ ಬಂತು. ಸರ್ರ್... ಹಿಡಿದ ಕೈ ಕಾಣಲ್ಲ. ಪುಲ್ಲಿ ಮಾತ್ರ, ಆತುರ ಇಲ್ಲದೆ, ಕೆಲಸ ಗೊತ್ತಿರೋರು ತಿರುಗಿಸಿದ ಹಾಗೆ ತಿರುಗುತ್ತೆ. ಹತ್ತು ಸುತ್ತು. ಗೀಟು ನೆತ್ತಿಗೆ ಬಂದು ನಿಂತಿತು. ಟಕ್, ಟಕ್. ಆಮೇಲೆ ಎರಡನೇದು... ಬೀಗಣ್ಣ ಎಣಿಸ್ತಾ ಕೂತ. ಆಗ ಅವನ ತಲೇಲಿ ಹೊಳೆದಿದ್ದು ಒಂದೇ. ಇವನು ತಿರುಗಿಸದೆ ಬಿಟ್ಟಿದ್ದು ನಾಲ್ಕು ಸಲ. ಇದು ನಾಲ್ಕನೇ ರಾತ್ರಿ.

ಆರನೇದೂ ಮುಗೀತು. ಏಳನೇದರ ಗೀಟು ಎರಡು ಬೆರಳಷ್ಟು ಜರುಗಿತು... ಕರಕ್. ನಿಂತಿತು. ಮತ್ತೆ ಕರಕ್. ಮತ್ತೊಮ್ಮೆ. ಆಮೇಲೆ ಸದ್ದಿಲ್ಲ. ಬಡಿಯಲೂ ಇಲ್ಲ. ಎಂಟನೇದಕ್ಕೂ ಹೋಗಲಿಲ್ಲ. ಅಲ್ಲೇ ನಿಂತುಕೊಂಡಿದೆ, ನನಗೇ ಕಾಯ್ತಿದೆ ಅಂತ ಇವನಿಗೆ ಅರ್ಥವಾಯ್ತು.

ಹೇಗೋ ಎದ್ದು ಹೋಗಿ ಪುಲ್ಲಿಗೆ ಅಂಗೈ ಕೊಟ್ಟು ತಳ್ಳಿದ. ಅದೇ ಜಾಗದಲ್ಲಿ ಕರಕ್ ಅಂತ ಸಿಕ್ಕಿಕೊಂಡಿತು. ಇನ್ನೊಂದು ಸಲ ಬಲವಾಗಿ ತಳ್ಳಿದ. ಆಗ... ಒಳಗಿನಿಂದ, ಪ್ಲೈವುಡ್ ಹೊಡೆದು ಮುಚ್ಚಿದ ಆ ಹೊಟ್ಟೆಯೊಳಗಿಂದ, ಯಾರೋ ಅಷ್ಟೇ ಬಲವಾಗಿ ಈಕಡೆ ತಳ್ಳಿದರು. ಪುಲ್ಲಿ ಅವನ ಅಂಗೈಯನ್ನ ಹಿಂದಕ್ಕೆ ತಂದು, ಗೀಟನ್ನ ನೆತ್ತಿಗೇ ನಿಲ್ಲಿಸಿತು.

"ಹೇಳ್ತೀನಿ," ಅಂದ ಬೀಗಣ್ಣ. "ಬೆಳಿಗ್ಗೆ ಎಲ್ಲರ ಮುಂದೆ ಹೇಳ್ತೀನಿ."

ಸ್ವಲ್ಪ ಹೊತ್ತು ಬಿಟ್ಟು ಎಂಟನೇದು ತಿರುಗೋಕೆ ಶುರುವಾಯ್ತು. ಹೊರಗೆ ತಾತ ಕೆಮ್ಮಿದ.

ಬೆಳಿಗ್ಗೆ ಕ್ರೇನ್ ಬಂತು, ಮ್ಯಾನೇಜರ್ ಬಂದರು, ಫಿಟ್ಟರ್ ಬಂದ, ತನ್ನ ರೂಮಿನ ಫ್ಯಾನ್ ನೋಡೋಣ ಅಂತ ತಮ್ಮನೂ ಬಂದ. ಬೀಗಣ್ಣ ಏಳನೇದಕ್ಕೆ ಅಡ್ಡ ನಿಂತು ಎಲ್ಲಾ ಒಪ್ಪಿಸಿದ. ಶಾಫ್ಟಿಗೆ ಹಗ್ಗ ಕಟ್ಟಿದ್ದು, ತಾನು ಕಂಡೂ ಸಹಿ ಹಾಕಿದ್ದು, ನಾಲ್ಕು ಸುಳ್ಳು ಟಿಕ್, ಒಂದೂ ಬಿಡಲಿಲ್ಲ. ರಾತ್ರಿಯದನ್ನ ಮಾತ್ರ ಹೇಳಲಿಲ್ಲ. ಬಿಚ್ಚಿ ನೋಡಿದರು. ಬೇರಿಂಗ್ ಸೀಳಿತ್ತು, ಶಾಫ್ಟ್ ಕೂದಲೆಳೆಯಷ್ಟು ಬಾಗಿತ್ತು. ಇದು ಹಾಕಿದ್ದರೆ ಒಂದು ವಾರ ಓಡ್ತಿತ್ತೇನೋ ಅಂದರು ಮ್ಯಾನೇಜರ್. ತಮ್ಮ ಹತ್ತಿರ ಬಂದ.

"ಏಳನೇದು ನನ್ನ ರೂಮಿಂದು ಅಂತ ನಿನಗೆ ಗೊತ್ತಿತ್ತಾ, ಅಣ್ಣಾ?"

"ಗೊತ್ತಿತ್ತು."

ಆಮೇಲೆ ಎರಡು ತಿಂಗಳು ತಮ್ಮ ಇವನ ಮನೆ ಹೊಸ್ತಿಲು ತುಳೀಲಿಲ್ಲ. ನಾನಾಗಿದ್ದರೂ ತುಳೀತಿರಲಿಲ್ಲ, ನಿಜ ಹೇಳ್ತೀನಿ. ಬೀಗಣ್ಣ ಒಳಗೊಳಗೇ ಅತ್ತುಕೊಂಡು ಓಡಾಡಿದ. ಸ್ಟೋರ್ ಹೋಯ್ತು, ಕುರ್ಚಿ ಫಿಟ್ಟರಿಗೇ ಸಿಕ್ಕಿತು. ತಾತ ಕೆಲಸ ಬಿಟ್ಟ ಮೇಲೆ ಇವನನ್ನ ಗೇಟಿಗೆ ಹಾಕಿದರು. ಏಳನೇದರ ಬದಲಿಗೆ ಹೊಸ ಫ್ಯಾನ್ ಬಂದು ತಮ್ಮನ ರೂಮಿನಲ್ಲಿ ಕೂತಿತು. ತಮ್ಮ ಈಗ ಮನೆಗೆ ಬರ್ತಾನೆ, ಊಟಕ್ಕೂ ಕೂರ್ತಾನೆ.

ಅದರ ಜೊತೆಗೇ ಹೆಚ್ಚಿಗೆ ಇರಲಿ ಅಂತ ತರಿಸಿದ ಇನ್ನೊಂದು ಫ್ಯಾನ್ ಇವತ್ತಿಗೂ ಗೋಡೌನಿನಲ್ಲಿದೆ. ಅದನ್ನ ಬೀಗಣ್ಣ ಫಿಟ್ಟರ್ ಕೈಗೆ ಬಿಟ್ಟಿಲ್ಲ. ಅವನು ಬರೀ ಟಿಕ್ ಹಾಕ್ತಾನೆ ಅಂತ ಅನುಮಾನ. ಹದಿನೈದು ದಿನಕ್ಕೊಮ್ಮೆ ಮ್ಯಾನೇಜರ್ ಹತ್ತಿರ ಬೀಗದಕೈ ಇಸಕೊಂಡು ತಾನೇ ಹೋಗ್ತಾನೆ.

"ಒಂಬತ್ತು ಸುತ್ತು ನಾನು ತಿರುಗಿಸ್ತೀನಿ, ಹತ್ತನೇದು ನನಗೆ ಬಿಡಲ್ಲ," ಅಂದ ಒಂದು ದಿನ. ನಾನು ನಕ್ಕೆ. ನೀವು ನಕ್ಕ ಹಾಗೇ ನಕ್ಕೆ. ಹಾಗಾದರೆ ಬಾ ಅಂತ ಕರಕೊಂಡು ಹೋದ.

ಮಟಮಟ ಮಧ್ಯಾಹ್ನ. ಬಾಗಿಲು ಅಗಲವಾಗಿ ತೆಗೆದಿತ್ತು. ಬೀಗಣ್ಣ ಒಂಬತ್ತು ಎಣಿಸಿದ, ಪುಲ್ಲಿ ಪೂರ್ತಿ ನಿಲ್ಲೋವರೆಗೂ ಹಿಡಿದುಕೊಂಡಿದ್ದು, ಕೈ ಬಿಟ್ಟ. ಬಲಗೈಲಿ ಸೀಮೆಸುಣ್ಣ ತಗೊಂಡ, ಎಡಗೈಲಿ ಕಾರ್ಡ್ ಹಿಡಿದ. ಪುಲ್ಲಿ ತಾನೇ ಒಂದು ಸುತ್ತು ಬಂದು, ಇನ್ನು ಕಾಲು ಸುತ್ತು ಮುಂದೆ ಹೋಗಿ ನಿಂತಿತು. ಗಾಳಿಗಿರಬಹುದು ಅಂತೀರಾ? ಅನ್ನಿ, ನಾನೂ ಅಂದುಕೊಂಡೆ. ಆಮೇಲೆ ತಗಡಿನ ಮೇಲೆ ಟಕ್, ಟಕ್ ಅಂತು. ಬೀಗಣ್ಣನ ಎರಡು ಕೈಯೂ ನನ್ನ ಕಣ್ಣೆದುರಿಗೇ ಇದ್ದವು.