ಡೀಸೆಲ್ ವ್ಯಾನು ನನ್ನನ್ನು ಬಿಟ್ಟು ಮುಂದೆ ಹೋದ ಬಗ್ಗೆ

ವಯಸ್ಸು ನಲವತ್ತಮೂರು ವರ್ಷ, ಕಸುಬು ವಾಹನಗಳಿಗೆ ಸೀಟು ಕವರ್ ಹೊಲಿಯುವುದು, ವಾಸ ಬಸ್ ಡಿಪೋ ಹಿಂದಿನ ಮೂರನೆಯ ಅಡ್ಡರಸ್ತೆಯ ಎರಡಂತಸ್ತಿನ ಮನೆಯ ಕೆಳಭಾಗ, ಕಸುಬಿನವರ ಬಾಯಲ್ಲಿ ಸೀಟಕ್ಕ ಎಂದು ಕರೆಸಿಕೊಳ್ಳುವ ನಾನು, ಠಾಣೆಯ ಬರಹಗಾರರ ಮುಂದೆ ಕುಳಿತು ಈ ಮೂಲಕ ತಿಳಿಸುವುದೇನೆಂದರೆ:

ಇವತ್ತು ಮಧ್ಯಾಹ್ನ 2.10ಕ್ಕೆ ನನ್ನ ಗಂಡ ಬೇರೊಂದು ಠಾಣೆಯಲ್ಲಿ ನಾನು ಕಾಣೆಯಾಗಿದ್ದೇನೆ ಎಂದು ದೂರು ಕೊಟ್ಟಿದ್ದಾರೆ. ಅದಕ್ಕೂ ಮೊದಲು, 12.50ಕ್ಕೆ, ನಾನು ಈ ಠಾಣೆಗೆ ಬಂದು ನಮ್ಮ ವ್ಯಾನು ಕಾಣೆಯಾಗಿದೆ ಎಂದು ದೂರು ಕೊಟ್ಟಿದ್ದೆ. ಎರಡನ್ನೂ ಮುಚ್ಚಬೇಕಾದರೆ ನಡೆದದ್ದನ್ನೆಲ್ಲ ಹೇಳಬೇಕು, ಇಲ್ಲಿಂದ ನಾನು ಎಲ್ಲಿಗೆ, ಯಾರ ಜೊತೆ ಹೋಗುತ್ತೇನೆ ಎಂಬುದನ್ನೂ ಹೇಳಬೇಕು ಎಂದು ಬರಹಗಾರರು ತಿಳಿಸಿದರು. ನಡೆದದ್ದನ್ನು ಹೇಳುತ್ತೇನೆ, ಎಲ್ಲಿಗೆ ಎಂಬುದನ್ನು ಹೇಳುತ್ತಾ ಹೇಳುತ್ತಾ ತೀರ್ಮಾನಿಸುತ್ತೇನೆ ಎಂದಿದ್ದೇನೆ.

ಮೊದಲು ವಾಹನದ ವಿವರ. ಬಿಳಿ ಬಣ್ಣದ ಪ್ರಯಾಣಿಕ ವ್ಯಾನು, ಆರು ವರ್ಷ ಹಳೆಯದು. ನಾಲ್ಕು ಸಿಲಿಂಡರಿನ ಟರ್ಬೊ ಡೀಸೆಲ್ ಇಂಜಿನ್, 2.2 ಲೀಟರ್. ಉದ್ದ ಐದು ಮೀಟರ್ ಹತ್ತು ಸೆಂಟಿಮೀಟರ್. ಎಡಗಡೆ ಜಾರುವ ಬಾಗಿಲು, ಅದಕ್ಕೆ ಮಕ್ಕಳು ಒಳಗಿನಿಂದ ತೆಗೆಯದಂತೆ ಬೀಗ. ಟ್ಯಾಂಕು ಎಪ್ಪತ್ತು ಲೀಟರಿನದು, ಒಮ್ಮೆ ತುಂಬಿಸಿದರೆ ಎಂಟುನೂರು ಕಿಲೋಮೀಟರ್ ಎಲ್ಲಿಯೂ ನಿಲ್ಲಿಸಬೇಕಾಗಿಲ್ಲ. ದೂರ ಓಡಿಸಿ ಬಂದ ಮೇಲೆ ಇಂಜಿನ್ನನ್ನು ತಕ್ಷಣ ಆರಿಸಬಾರದು, ಟರ್ಬೊ ತಣ್ಣಗಾಗಲು ಒಂದು ನಿಮಿಷ ಸುಮ್ಮನೆ ಓಡಲು ಬಿಡಬೇಕು. ನಮ್ಮ ಮನೆಯಲ್ಲಿ ಇದನ್ನು ಎಲ್ಲರೂ ತಪ್ಪದೆ ಪಾಲಿಸುತ್ತಾರೆ. ನಾನು ಡ್ರೈವಿಂಗ್ ಕಲಿತಿಲ್ಲ. ಇದೆಲ್ಲ ಹೇಗೆ ಗೊತ್ತು ಎಂದು ಬರಹಗಾರರು ಕೇಳಿದರು. ವ್ಯಾನಿನ ಕೈಪಿಡಿ ಇರುವುದು ನಾನು ಕೂರುವ ಕಡೆ, ಮೊಣಕಾಲಿನ ಪಕ್ಕದ ಸೀಟಿನ ಜೇಬಿನಲ್ಲಿ. ನನ್ನ ಜಾಗದಿಂದ ಕಿಟಕಿ ಸರಿಯಾಗಿ ಕಾಣುವುದಿಲ್ಲ, ಆದ್ದರಿಂದ ಆರು ವರ್ಷದಲ್ಲಿ ಅದನ್ನು ನಾಲ್ಕು ಸಲ ಓದಿದ್ದೇನೆ.

ಒಟ್ಟು ಆಸನ ಒಂಬತ್ತು. ಮುಂದೆ ಎರಡು, ಮಧ್ಯದ ಸಾಲಿನಲ್ಲಿ ಮೂರು, ಅದರ ಹಿಂದೆ ಮೂರು. ಒಂಬತ್ತನೆಯದು ಕೊನೆಯಲ್ಲಿ, ಹಿಂದಿನ ಚಕ್ರದ ಮೇಲೆ, ಗೋಡೆಗೆ ಅಂಟಿಕೊಂಡ ಮಡಚುವ ಸೀಟು. ಅಗಲ ಮೂವತ್ತೆಂಟು ಸೆಂಟಿಮೀಟರ್. ಅದಕ್ಕೆ ಸ್ಪ್ರಿಂಗ್ ಇದೆ. ಕುಳಿತವರು ಎದ್ದರೆ ತಾನೇ ಮೇಲಕ್ಕೆ ಮಡಚಿಕೊಂಡು ಗೋಡೆಯಲ್ಲಿ ಗೋಡೆಯಾಗಿಬಿಡುತ್ತದೆ. ಈ ಆಸನ ಅಲ್ಪ ದೂರದ ಪ್ರಯಾಣಕ್ಕೆ ಮಾತ್ರ ಎಂದು ಕೈಪಿಡಿಯ ಅರವತ್ತನಾಲ್ಕನೆಯ ಪುಟದಲ್ಲಿ ಅಚ್ಚಾಗಿದೆ. ಅದು ನನ್ನದು. ಯಾರೂ ಹೇಳಿ ಕೂರಿಸಿದ್ದಲ್ಲ. ಮೊದಲ ದಿನ ಎಲ್ಲರನ್ನೂ ಹತ್ತಿಸಿ, ಸಾಮಾನು ಇಟ್ಟು, ನಾನು ಹತ್ತುವ ಹೊತ್ತಿಗೆ ಉಳಿದದ್ದು ಅದೊಂದೇ. ವ್ಯಾನಿನ ಎಲ್ಲ ಕವರೂ ನಾನೇ ಹೊಲಿದದ್ದು. ಎಂಟು ಸೀಟಿಗಾಗುವಷ್ಟರಲ್ಲಿ ಬಟ್ಟೆ ಮುಗಿಯಿತು.

ಇವತ್ತು ಬೆಳಿಗ್ಗೆ 7.10ಕ್ಕೆ ಮನೆ ಬಿಟ್ಟೆವು. ನನ್ನ ಮಾವನವರ ತಮ್ಮನಿಗೆ ಶಸ್ತ್ರಚಿಕಿತ್ಸೆಯಾಗಿದ್ದು, ನೋಡಿಕೊಂಡು ಬರಲು ಹೊರಟಿದ್ದೆವು. ದೂರ ಸುಮಾರು ಮುನ್ನೂರು ಕಿಲೋಮೀಟರ್. ವ್ಯಾನು ಓಡಿಸುತ್ತಿದ್ದವನು ನನ್ನ ಮೈದುನ, ಅವನ ಪಕ್ಕದಲ್ಲಿ ಮಾವ. ಮಧ್ಯದ ಸಾಲಿನಲ್ಲಿ ನನ್ನ ಗಂಡ, ಅತ್ತೆ ಮತ್ತು ಹದಿನಾರು ವರ್ಷದ ನನ್ನ ಮಗಳು. ಹಿಂದಿನ ಸಾಲಿನಲ್ಲಿ ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಮತ್ತು ಅವಳ ಇಬ್ಬರು ಮಕ್ಕಳು. ಸಾಮಾನನ್ನು ಹಿಂಬದಿಯ ಗಾಜಿನವರೆಗೂ ಒತ್ತಿ ತುಂಬಿಸಿದವಳು ನಾನೇ.

10.35ಕ್ಕೆ, ನೂರ ನಲವತ್ತೆಂಟು ಕಿಲೋಮೀಟರ್ ಆದ ಮೇಲೆ, ಇಲ್ಲಿಂದ ಒಂದೂವರೆ ಕಿಲೋಮೀಟರ್ ದೂರದ ಬಂಕಿನಲ್ಲಿ ಡೀಸೆಲ್ ಹಾಕಿಸಲು ನಿಲ್ಲಿಸಿದೆವು. ಅತ್ತೆಯವರಿಗೆ ಊಟವಾದ ಮೇಲೆ ಮಾತ್ರೆ ನುಂಗಲು ಬಿಸಿನೀರು ಬೇಕಿತ್ತು. ನಾನು ಫ್ಲಾಸ್ಕ್ ತೆಗೆದುಕೊಂಡು ಬಂಕಿನ ಹಿಂದಿನ ಕ್ಯಾಂಟೀನಿಗೆ ಹೋದೆ. ಫೋನು ಮಧ್ಯದ ಸಾಲಿನ ಪಕ್ಕ ಚಾರ್ಜಿಗೆ ಹಾಕಿದ್ದರಿಂದ ವ್ಯಾನಿನಲ್ಲಿಯೇ ಇತ್ತು. ನೀರು ಕಾಯಲು ಹತ್ತು ನಿಮಿಷ ಹಿಡಿಯಿತು. 10.52ಕ್ಕೆ ನಾನು ಮೂಲೆ ತಿರುಗಿ ಬಂದಾಗ ವ್ಯಾನು ಹೆದ್ದಾರಿಗೆ ಏರುತ್ತಿತ್ತು. ಫ್ಲಾಸ್ಕ್ ಎತ್ತಿ ಆಡಿಸಿದೆ, ಕೂಗಿದೆ, ನಲವತ್ತು ಹೆಜ್ಜೆ ಓಡಿದೆ. ಹಿಂಬದಿಯ ಗಾಜಿಗೆ ಸಾಮಾನು ಅಡ್ಡವಿತ್ತು. ಆಮೇಲೆ ಓಡಲಿಲ್ಲ.

ಹೊರಡುವ ಮುನ್ನ ಮೈದುನ 'ಯಾವ್ದಾದ್ರೂ ಸೀಟು ಖಾಲಿ ಇದೆಯಾ ನೋಡಿ' ಎಂದು ಕೇಳಿದನಂತೆ. ಮಾವ ಹಿಂದೆ ತಿರುಗಿ ನೋಡಿ 'ಎಲ್ಲ ಭರ್ತಿ, ನಡಿ' ಎಂದರಂತೆ. ಇದನ್ನು ನನಗೆ ಆಮೇಲೆ ತಿಳಿಸಿದರು. ಮಾವ ಸುಳ್ಳು ಹೇಳಲಿಲ್ಲ. ನನ್ನ ಸೀಟು ಮಡಚಿಕೊಂಡಿತ್ತು, ಖಾಲಿ ಸೀಟು ಎಂಬುದು ವ್ಯಾನಿನಲ್ಲಿ ಎಲ್ಲಿಯೂ ಇರಲಿಲ್ಲ. ಬೆಲ್ಟ್ ಹಾಕಿಲ್ಲವೆಂದು ಮಿಣುಕುವ ಕೆಂಪು ದೀಪ ಇರುವುದೂ ಮುಂದಿನ ಎರಡು ಸೀಟುಗಳಿಗೆ ಮಾತ್ರ.

ಬಂಕಿನಲ್ಲಿ ಡೀಸೆಲ್ ಹಾಕುವ ಹೆಂಗಸು ನನಗೊಂದು ಕುರ್ಚಿ ಕೊಟ್ಟು, 'ಬರ್ತಾರೆ ಬಿಡಿ ಅಕ್ಕ, ಎಷ್ಟು ದೂರ ಅಂತ ಹೋಗ್ತಾರೆ' ಎಂದರು. ಟ್ಯಾಂಕು ಈಗಷ್ಟೇ ತುಂಬಿಸಿದ್ದಾರಲ್ಲ, ಎಂಟುನೂರು ಕಿಲೋಮೀಟರ್ ಹೋಗಬಹುದು ಎಂದೆ. ಅವರು ನಕ್ಕರು, ಆಮೇಲೆ ನಗುವುದನ್ನು ನಿಲ್ಲಿಸಿ ತಮ್ಮ ಫೋನು ಕೊಟ್ಟರು. ನನಗೆ ವ್ಯಾನಿನ ನೋಂದಣಿ ಸಂಖ್ಯೆ, ಇಂಜಿನ್ ಸಂಖ್ಯೆ ಬಾಯಿಪಾಠ ಬರುತ್ತದೆ. ಗಂಡನ ಫೋನ್ ನಂಬರು ಬರುವುದಿಲ್ಲ. ಫೋನಿನಲ್ಲಿ ಹೆಸರು ಒತ್ತಿ ರೂಢಿ, ಅಂಕಿ ನೋಡಿದ್ದೇ ಇಲ್ಲ. ತಪ್ಪು ನನ್ನದೂ ಇದೆ ಎಂದು ಬರೆದುಕೊಳ್ಳಬಹುದು. ಬಾಯಲ್ಲಿ ಬರುವ ನಂಬರು ನನ್ನದೊಂದೇ. ಅದಕ್ಕೇ ಮಾಡಿದೆ. ವ್ಯಾನಿನಲ್ಲಿ ರಿಂಗಾಗುತ್ತದೆ, ಯಾರಾದರೂ ತೆಗೆಯುತ್ತಾರೆ, ವಿಷಯ ಮುಗಿಯುತ್ತದೆ ಎಂದುಕೊಂಡೆ. 11.05ರಿಂದ 11.40ರವರೆಗೆ ಹನ್ನೊಂದು ಸಲ ಮಾಡಿದೆ. ಯಾರೂ ತೆಗೆಯಲಿಲ್ಲ. ಏನೋ ಅಪಘಾತವಾಗಿರಬೇಕು ಎಂದುಕೊಂಡೆ. ಮಗಳನ್ನು ನೆನೆದು ಅಲ್ಲಿಯೇ ಅತ್ತುಬಿಟ್ಟೆ.

12.30ರವರೆಗೆ ಕಾದು, ನಡೆದುಕೊಂಡು ಈ ಠಾಣೆಗೆ ಬಂದೆ. ವ್ಯಾನು ಕಾಣೆಯಾಗಿದೆ ಎಂದೆ. ಬರಹಗಾರರು ಕಳುವಾಗಿದೆಯೇ ಎಂದರು. ಇಲ್ಲ ಎಂದೆ. ಯಾರು ತೆಗೆದುಕೊಂಡು ಹೋದರು ಎಂದರು. ಮೈದುನ ಎಂದೆ. 'ಹಾಗಾದ್ರೆ ಏನಮ್ಮ ಕಳೆದಿರೋದು?' ಎಂದರು. ಅವರು ಒಂದು ಲೋಟ ನೀರು ಕೊಟ್ಟು, ಅಪಘಾತದ ವರದಿ ಯಾವುದೂ ಬಂದಿಲ್ಲ ಎಂದು ವಿಚಾರಿಸಿ ಹೇಳಿದರು.

ವ್ಯಾನು ಆ ಹೊತ್ತಿಗೆ ಚೆನ್ನಾಗಿಯೇ ಓಡುತ್ತಿತ್ತು. 1.25ಕ್ಕೆ, ನೂರ ಮೂವತ್ತೊಂದು ಕಿಲೋಮೀಟರ್ ಮುಂದೆ, ಊಟಕ್ಕೆ ನಿಲ್ಲಿಸಿದರು. ಊಟದ ಡಬ್ಬಿಗಳನ್ನು ಕೊಡು ಎಂದು ಅತ್ತೆ ಹಿಂದಕ್ಕೆ ಕೈ ಚಾಚಿದರು. ಡಬ್ಬಿ ಬರಲಿಲ್ಲ. ಆಗ ನಾನಿಲ್ಲದಿರುವುದು ಗೊತ್ತಾಯಿತು. ಕೂಡಲೇ ಬಂಕಿಗೆ ಯಾಕೆ ವಾಪಸು ಬರಲಿಲ್ಲ ಎಂದು ಬರಹಗಾರರು ಸಂಜೆ ನನ್ನ ಗಂಡನನ್ನು ಕೇಳಿದರು. ನಾನು ಎಲ್ಲಿ ಇಳಿದೆ ಎಂಬುದರ ಬಗ್ಗೆ ಒಮ್ಮತ ಬರಲಿಲ್ಲವಂತೆ. ಬಂಕು ದಾಟಿದ ಮೇಲೂ ನಾನು ವ್ಯಾನಿನಲ್ಲಿದ್ದೆ ಎಂದು ಮೈದುನ ವಾದಿಸಿದನಂತೆ. ಟೋಲ್ ಗೇಟಿನ ಹತ್ತಿರ ನನ್ನ ಜೊತೆ ಮಾತಾಡಿದ್ದೇನೆ ಎಂದು ಓರಗಿತ್ತಿ ಖಂಡಿತವಾಗಿ ಹೇಳಿದಳಂತೆ. ಅದಕ್ಕೇ ಕಾಣೆಯಾದ ದೂರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆ ಕೇಳಿದ್ದೇನೆ. ಇವರು ಕೂಸನ್ನು ಊರಲ್ಲಿ ಬಿಟ್ಟು ಕಂಕುಳಲ್ಲಿದೆ ಅಂದುಕೊಂಡವರು.

ಎರಡು ಠಾಣೆಗಳ ನಡುವೆ ಮಾತಾಗಿ, ವ್ಯಾನು 5.05ಕ್ಕೆ ಇಲ್ಲಿಗೆ ಬಂತು. ಮಗಳು ಮೊದಲು ಇಳಿದು ಬಂದು ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹನ್ನೊಂದು ಸಲ ಮಾಡಿದೆನಲ್ಲ, ಯಾರಿಗೂ ಕೇಳಿಸಲಿಲ್ಲವೇ ಎಂದು ನಾನು ಕೇಳಿದೆ. ಅವಳು ಹೇಳಿದ್ದು ಹೀಗೆ. ಫೋನು ಎಲ್ಲರಿಗೂ ಕೇಳಿಸಿತು. ಓರಗಿತ್ತಿ ತಲೆ ತಿರುಗಿಸದೆ, 'ಅಕ್ಕ, ನಿಮ್ಮ ಫೋನು, ತಗೊಳ್ಳಿ' ಎಂದು ಎರಡು ಸಲ ಹೇಳಿದಳು. ಟೋಲ್ ಗೇಟಿನ ಹತ್ತಿರ ನನ್ನ ಜೊತೆ ಆಡಿದ ಮಾತು ಅದೇ. ಮಾವ ಮುಂದಿನಿಂದ, 'ಅಷ್ಟು ಬಡ್ಕೊಳ್ತಿದೆ, ಅವಳಿಗೆ ಕಿವಿ ಕೇಳಲ್ವಾ' ಎಂದು ರೇಗಿದರು. ನಾನು ಎತ್ತಲಿಲ್ಲವೆಂದು ಗಂಡನಿಗೂ ಸಿಟ್ಟು ಬಂತು. ಚಕ್ರದ ಮೇಲೆ ಕುಳಿತರೆ ಡೀಸೆಲ್ ಇಂಜಿನ್ನಿನ ಗದ್ದಲದಲ್ಲಿ ನನ್ನ ಮಾತು ಮುಂದಕ್ಕೆ ಕೇಳುವುದಿಲ್ಲ, ಹಾಗಾಗಿ ನಾನು ಉತ್ತರಿಸದಿದ್ದದ್ದು ಯಾರಿಗೂ ವಿಚಿತ್ರವೆನಿಸಲಿಲ್ಲ. ಕೊನೆಗೆ ಮಗಳು ಕೈ ಚಾಚಿ ಫೋನನ್ನು ಸೈಲೆಂಟ್ ಮಾಡಿದಳು. 'ನಾನೇ ಮಾಡಿದ್ದಮ್ಮ. ಹಿಂದೆ ನೋಡ್ಲಿಲ್ಲ' ಎಂದು ಅತ್ತಳು. ನಾನಿಲ್ಲವೆಂದು ತಿಳಿದ ಮೇಲೂ ಆ ಗುರುತಿಲ್ಲದ ನಂಬರಿಗೆ ತಿರುಗಿ ಮಾಡಲು ಯಾರಿಗೂ ತೋಚಿರಲಿಲ್ಲ. ಮಗಳನ್ನು ಬೈಯಲು ನನ್ನಲ್ಲಿ ಶಕ್ತಿ ಇರಲಿಲ್ಲ.

ಮೈದುನ ಒಳಗೆ ಬಂದು, 'ತಪ್ಪಾಯ್ತು ಅತ್ತಿಗೆ. ಆ ಸೀಟಿಗೆ ಒಂದು ಸೆನ್ಸರ್ ಹಾಕಿಸ್ತೀನಿ. ನೀವು ಕೂತಿಲ್ಲ ಅಂದ್ರೆ ಮುಂದೆ ದೀಪ ಹತ್ತುತ್ತೆ' ಎಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಒಳ್ಳೆಯ ಮನಸ್ಸಿನಿಂದ ಹೇಳಿದನಲ್ಲ, ಅದೇ ನನಗೆ ತಡೆಯಲಾಗಲಿಲ್ಲ. ಗಂಡ ಬಾಗಿಲಲ್ಲಿ ನಿಂತು, 'ಆಯ್ತಲ್ಲ, ಏನೂ ಆಗಿಲ್ವಲ್ಲ, ಬಾ, ಎಲ್ಲ ಕಾಯ್ತಾ ಇದಾರೆ' ಎಂದರು. ನಾನು ಆರು ಗಂಟೆ ಹದಿಮೂರು ನಿಮಿಷ ಕಾದಿದ್ದೇನೆ ಎಂದು ಅವರಿಗೆ ತಿಳಿಸಿದೆ.

ಇದಾದ ಮೇಲೆ ಬರಹಗಾರರು ಅವರ ದೂರಿನ ಪ್ರತಿಯನ್ನು ಓದಿ ಹೇಳಿದರು. ವಾಹನದ ಕಾಲಮ್ಮಿನಲ್ಲಿ ಎಲ್ಲವೂ ಸರಿಯಾಗಿತ್ತು, ಟೈರಿನ ಅಳತೆಯೂ ಇತ್ತು. ಕಾಣೆಯಾದವರ ಕಾಲಮ್ಮಿನಲ್ಲಿ ಎತ್ತರ ಸಾಧಾರಣ, ಮೈಬಣ್ಣ ಸಾಧಾರಣ, ಬಟ್ಟೆಯ ಬಣ್ಣ ನೆನಪಿಲ್ಲ, ಗುರುತಿನ ಚಿಹ್ನೆ ಇಲ್ಲ ಎಂದಿತ್ತು. ಹೀಗೆ ಬಿಟ್ಟರೆ ದೂರು ಮುಚ್ಚಲಾಗುವುದಿಲ್ಲ, ಈಗ ಎದುರಿಗೇ ಇದ್ದಾರಲ್ಲ, ನೋಡಿ ಬರೆಯಿರಿ ಎಂದು ಬರಹಗಾರರು ನನ್ನ ಗಂಡನಿಗೆ ಪೆನ್ನು ಕೊಟ್ಟರು.

ನನ್ನ ಗಂಡ ಬೆಂಚಿನ ಮೇಲೆ ಕುಳಿತು ನನ್ನನ್ನು ನೋಡಿದರು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಇಷ್ಟು ಹೊತ್ತು ಅವರು ನನ್ನನ್ನೇ ನೋಡುತ್ತಾ ಕುಳಿತದ್ದು ನನಗೆ ನೆನಪಿಲ್ಲ. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ತಿಳಿನೀಲಿ ಬಟ್ಟೆ ಎಂದು ಬರೆದರು. ಐದಡಿ ಎರಡಂಗುಲ ಎಂದು ನನ್ನನ್ನು ಕೇಳಿ ಬರೆದರು. ಆಮೇಲೆ ನನ್ನ ಎಡಗೈ ನೋಡಿದರು. ತೋರುಬೆರಳಿನ ಉಗುರು ಅರ್ಧ ಇಲ್ಲ. ಹೊಲಿಗೆ ಯಂತ್ರದ ದಪ್ಪ ಸೂಜಿ ಉಗುರಿನ ಮೂಲಕ ಹಾದುಹೋಗಿತ್ತು. 'ಇದು ಯಾವಾಗ ಆಯ್ತು?' ಎಂದು ಕೇಳಿದರು. ಐದು ತಿಂಗಳಾಯಿತು ಎಂದೆ. 'ಹೇಳಲೇ ಇಲ್ವಲ್ಲ' ಎಂದರು.

ಹೇಳಿದ್ದೆ. ಆಸ್ಪತ್ರೆಗೆ ಅವರೇ ವ್ಯಾನಿನಲ್ಲಿ ಕರೆದುಕೊಂಡು ಹೋಗಿದ್ದರು. ಮುಂದಿನ ಸೀಟು ಖಾಲಿ ಇತ್ತು, ನಾನು ರೂಢಿಯ ಮೇಲೆ ಹಿಂದೆ ಹೋಗಿ ಕುಳಿತಿದ್ದೆ.

ಆದ್ದರಿಂದ ಎಲ್ಲಿಗೆ ಎಂಬ ಪ್ರಶ್ನೆಗೆ ನನ್ನ ಉತ್ತರ: ಇಲ್ಲಿಂದ 7.20ರ ಬಸ್ಸಿನಲ್ಲಿ ನನ್ನ ಅಕ್ಕನ ಮನೆಗೆ ಹೋಗುತ್ತೇನೆ. ಇದು ನನ್ನ ಸ್ವಂತ ಇಚ್ಛೆ, ಯಾರ ಒತ್ತಾಯವೂ ಇಲ್ಲ, ಯಾರ ಮೇಲೂ ಕ್ರಮ ಬೇಡ. ಜಗಳ ಮಾಡಿಕೊಂಡು ಹೋಗುತ್ತಿಲ್ಲ, ಜಗಳಕ್ಕೆ ಬೇಕಾದ ಉಸಿರಿಲ್ಲ. ಯಾವಾಗ ಬರುತ್ತೇನೆ ಎಂದು ಗಂಡ ಕೇಳಿದ್ದಾರೆ. ನಿದ್ದೆ ಮಾಡಿ ಎದ್ದ ಮೇಲೆ ಯೋಚಿಸುತ್ತೇನೆ ಎಂದಿದ್ದೇನೆ. ಅವರ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದಾರೆ. ಮಗಳು ಬರುತ್ತೇನೆ ಎಂದೂ ಹೇಳಿಲ್ಲ, ಬರುವುದಿಲ್ಲ ಎಂದೂ ಹೇಳಿಲ್ಲ. ತನ್ನ ಚೀಲ ತಂದು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲಿ ಕುಳಿತಿದ್ದಾಳೆ.

ಕಾಣೆಯಾಗಿದ್ದವರು ಪತ್ತೆ ಎಂದು ಬರಹಗಾರರು ಷರಾ ಬರೆದಿದ್ದರು. ಬೆಳಿಗ್ಗೆಯಿಂದ ನಾನು ಇದ್ದ ಜಾಗ ನನಗೆ ಗೊತ್ತಿತ್ತು, ಬದಲಿಸಿ ಎಂದೆ. ಅದಕ್ಕೆ ಬೇರೆ ಕಾಲಮ್ ಇಲ್ಲ ಎಂದರು. ಹಾಗಾದರೆ ಇರಲಿ ಎಂದೆ.

ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು, ಓದಿ ಕೇಳಿಸಿದರು. ಎಲ್ಲವೂ ನಿಜ. ಹೇಳಲು ಐವತ್ತು ನಿಮಿಷ ಹಿಡಿಯಿತು. ನಡುವೆ ಮನೆಯವರು ಯಾರೂ ಬಾಯಿ ಹಾಕಲಿಲ್ಲ, ನನ್ನ ಗಂಡ ಕೊನೆಯವರೆಗೂ ನಿಂತುಕೊಂಡೇ ಕೇಳಿದರು ಎಂಬುದನ್ನೂ ಸೇರಿಸಬೇಕೆಂದು ಕೋರಿ ಸಹಿ ಮಾಡಿದ್ದೇನೆ.

ಸ್ಥಳ: ಠಾಣೆಯ ಬರಹಗಾರರ ಕೋಣೆ
ದಿನಾಂಕ: ಹದಿನಾಲ್ಕನೆಯ ತಾರೀಖು, ಸಂಜೆ 6.40
(ಸಹಿ)