ರಸ್ತೆ ಬದಿಯ ಸಾಲು

“ಏನ್ ಸಾಹುಕಾರ್ರೇ, ಈ ಸಲ ಕಾಫಿನ ಗಿಡದಲ್ಲೇ ಹುರಿದುಬಿಡ್ತೀರಾ ಹೆಂಗೆ?”

ಹೀಗೆ ಕೇಳಿದವನು ರಸ್ತೆಯಲ್ಲಿ ಜೀಪು ನಿಲ್ಲಿಸಿದ್ದ ಪಕ್ಕದ ತೋಟದವನು. ಕೇಳಿಸಿಕೊಂಡವನು ಒಂದೂರಿನ ಒಬ್ಬ ಶ್ರೀಮಂತ, ಕಾಫಿ ತೋಟದ ಯಜಮಾನ. ಪ್ರಿಯರೇ, ಇವತ್ತಿನ ಮಾತು ಈ ಯಜಮಾನನ ಮೇಲೆ. ನಗಬೇಡಿ, ಆಮೇಲೆ ನಿಮ್ಮ ಮೇಲೂ ಬರುತ್ತದೆ.

ಆ ಬೇಸಿಗೆಯೂ ಅವನ ತೋಟಕ್ಕೆ ಕೆಂಪು ನುಸಿ ಬಿದ್ದಿತ್ತು. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವ. ಎಲೆಯ ರಸ ಹೀರಿ ಹಸಿರನ್ನು ತಾಮ್ರದ ಬಣ್ಣಕ್ಕೆ ತಿರುಗಿಸುತ್ತದೆ. ಕಾಫಿ ಹೂ ಅರಳಿಸುವ ಹೂಮಳೆಗೆ ಮೊದಲೇ ಎಲೆ ಉದುರಿದರೆ ಮುಂದಿನ ಫಸಲಿನ ಆಸೆ ಬಿಡಬೇಕು. ಅವನು ಹಿಂದೆಲ್ಲ ಪ್ರತಿ ವರ್ಷ ಔಷಧಿ ಹೊಡೆಸಿದ್ದ. ಪ್ರತಿ ವರ್ಷ ನುಸಿ ಇನ್ನಷ್ಟು ಜೋರಾಗಿ ಬಂದಿತ್ತು. ಕೊನೆಗೆ ಹೆಂಡತಿಯ ಮಾತು ಕೇಳಿ, ಆ ನುಸಿಯನ್ನು ತಿನ್ನುವ ಬೇರೊಂದು ನುಸಿಯನ್ನು ತರಿಸಿದ. ಹೌದು, ಅಂಥದ್ದೂ ಇದೆ ನೋಡಿ. ತೌಡು ತುಂಬಿದ ಪುಟ್ಟ ಕಾಗದದ ಚೀಲದಲ್ಲಿ ಬರುತ್ತವೆ. ಗಂಡ ಹೆಂಡತಿ ಇಬ್ಬರೂ ನಿಂತು ಗಿಡಗಿಡಕ್ಕೆ ನೇತುಹಾಕಿಸಿದರು. ಕೊಟ್ಟವರು ಹೇಳಿದ್ದು ಒಂದೇ ಮಾತು: ಇನ್ನು ಔಷಧಿ ಮುಟ್ಟಬೇಡಿ, ಅವುಗಳ ಕೆಲಸ ಅವು ಮಾಡಲಿ.

ತೋಟವನ್ನು ಅವುಗಳಿಗೆ ಒಪ್ಪಿಸಿದ. ಅಲ್ಲಿಗೆ ಮುಗಿಯಿತಲ್ಲ? ಮುಗಿಯಲಿಲ್ಲ. ಕೆಂಪಾದ ಎಲೆ ನೋಡಿ ಜೀಪಿನವನು ಆಡಿದ ಮಾತು ಅವನನ್ನು ಊಟ ಮಾಡಲು ಬಿಡಲಿಲ್ಲ.

“ಬೇಲಿ ಪಕ್ಕದ ಸಾಲಿಗೆ ಮಾತ್ರ ಔಷಧಿ ಹೊಡೆಸ್ತೀನಿ ಕಣೇ.”

“ರೀ, ನಾವೇ ಕರ್ಕೊಂಡು ಬಂದೋರಿಗೆ ನಾವೇ ವಿಷ ಇಡೋದಾ?”

“ಒಳಗಡೆ ಮುಟ್ಟಲ್ಲ. ರಸ್ತೆಗೆ ಕಾಣೋದಕ್ಕಷ್ಟೇ. ಹೋಗೋರು ಬರೋರು ನಗ್ತಾರೆ.”

“ನೀವು ಕಾಫಿ ಬೆಳೀತಿರೋದು ಹೋಗೋರು ಬರೋರಿಗಾ?”

ಕೇಳಲಿಲ್ಲ. ಹೊಡೆಸಿದ. ಸ್ವಲ್ಪ ದಿನ ಸಾಲು ಚೆನ್ನಾಗಿಯೇ ಕಂಡಿತು. ಆದರೆ ಔಷಧಿಗೆ ಸಾಯದ ಮೊಟ್ಟೆಗಳು ಒಡೆದವು, ರಸ್ತೆಯ ಧೂಳಿನಲ್ಲಿ ಕೆಂಪು ನುಸಿ ಮತ್ತೆ ಹಬ್ಬಿತು. ಈಗ ಅದನ್ನು ತಿನ್ನುವವರು ಯಾರಿದ್ದಾರೆ? ಇದ್ದವರನ್ನು ಅವನೇ ಕೊಂದಿದ್ದ. ತೋಟದ ಒಳಗೆ, ಯಾರೂ ನೋಡದ ಕಡೆ, ಹೊಸ ಚಿಗುರು. ರಸ್ತೆಯ ಕಡೆ, ಎಲ್ಲರೂ ನೋಡುವ ಕಡೆ, ಬರೀ ಕಡ್ಡಿ.

ನಿಮ್ಮ ರಸ್ತೆ ಬದಿಯ ಸಾಲು ಯಾವುದು? ಸೊಸೆಗೆ ಅಡುಗೆಮನೆ ಒಪ್ಪಿಸುತ್ತೀರಿ. ನೆಂಟರು ಬಂದ ಕೂಡಲೇ ಅವಳ ಕೈಯಿಂದ ಸೌಟು ಕಿತ್ತುಕೊಳ್ಳುತ್ತೀರಿ. ನಿಧಾನವಾಗಿ ಕಲಿಯಲಿ ಎಂದು ಮಗಳಿಗೆ ಹೇಳುತ್ತೀರಿ. ಪಕ್ಕದ ಮನೆಯವರು ಅವಳ ಅಂಕ ಕೇಳಿದ ಸಂಜೆ ಕೋಲು ಹುಡುಕುತ್ತೀರಿ. ಇಲ್ಲಿ, ಈ ಚರ್ಚಿನಲ್ಲಿ, ಮೊಣಕಾಲೂರಿ ಎಲ್ಲವನ್ನೂ ದೇವರಿಗೆ ಒಪ್ಪಿಸುತ್ತೀರಿ. ಗೇಟಿನ ಹತ್ತಿರ ಯಾರೋ ಏನೋ ಅಂದರೆ ಸಾಕು, ಒಪ್ಪಿಸಿದ್ದನ್ನು ವಾಪಸು ತೆಗೆದುಕೊಳ್ಳುತ್ತೀರಿ. ನಂಬಿಕೆ ಎಲ್ಲಿ ಸಾಯುತ್ತದೆ? ಸೋತ ಕಡೆ ಅಲ್ಲ, ಯಾರೋ ನಕ್ಕ ಕಡೆ.

ಆದ್ದರಿಂದ ಈ ವಾರ ಒಂದು ಕೆಲಸ ಮಾಡಿ. ಯಾರಿಗೆ ಏನನ್ನು ಒಪ್ಪಿಸಿದ್ದೀರೋ ಅದಕ್ಕೆ ಮತ್ತೆ ಕೈ ಹಾಕಬೇಡಿ. ನೆಂಟರ ಮುಂದೆ ಸಾರು ನೀರಾಗಲಿ, ಕೈ ಹಾಕಬೇಡಿ. ಕಾಯುವುದು ಸುಮ್ಮನೆ ಕೂರುವುದಲ್ಲ; ಕೈ ತುರಿಸುವಾಗ ಕೈ ಕಟ್ಟಿ ನಿಲ್ಲುವುದು. ಈಗಾಗಲೇ ವಿಷ ಹೊಡೆದಿದ್ದರೆ? ಅದಕ್ಕೂ ದಾರಿಯಿದೆ.

ಯಜಮಾನ ತೋಟದ ಒಳಗಿನ ಗಿಡಗಳಿಂದ, ಆ ಒಳ್ಳೆಯ ನುಸಿಗಳಿದ್ದ ರೆಂಬೆಗಳನ್ನು ಕತ್ತರಿಸಿ ತಂದ. ಹಾಡುಹಗಲೇ ರಸ್ತೆ ಬದಿಯ ಒಂದೊಂದು ಗಿಡಕ್ಕೂ ಕಟ್ಟತೊಡಗಿದ. ಅದೇ ಜೀಪು ಬಂದು ನಿಂತಿತು.

“ಇದೇನ್ರೀ, ಗಿಡಕ್ಕೆ ಸೊಪ್ಪು ಕಟ್ತಿದ್ದೀರಾ? ಯಾವ ಹಬ್ಬ?”

“ಹಬ್ಬ ಅಲ್ಲ. ಓಡಿಸಿದ ಕೆಲಸದೋರನ್ನ ವಾಪಸ್ ಕರೀತಿದ್ದೀನಿ.”

“ಬರ್ತಾರಾ?”

“ಬರೋತನಕ ಕಟ್ತೀನಿ.”

ಜೀಪು ಎಬ್ಬಿಸಿದ ಧೂಳು ಇಳಿಯುವ ಮೊದಲೇ ಅವನು ಮುಂದಿನ ಗಿಡಕ್ಕೆ ಬಗ್ಗಿದ್ದ. ಪಕ್ಕದಲ್ಲಿದ್ದ ಹೆಂಡತಿ ಕಟ್ಟಲು ಒಂದು ಎಳೆ ಬಾಳೆನಾರು ಚಾಚಿದಳು.